ನೊರೊವೈರಸ್: ಮಕ್ಕಳ ವಾರ್ಡಿಗೊಂದು ಲೆಕ್ಕ, ಹಿರಿಯರಿಗೆ ಇನ್ನೊಂದು

ಶುಶ್ರೂಷಾ ಸಿಬ್ಬಂದಿಗೆಲ್ಲ ನಮಸ್ಕಾರ.

ವಾರ್ಡಿನಲ್ಲಿ ನಾಲ್ಕು ಜನಕ್ಕೆ ಒಟ್ಟಿಗೆ ವಾಂತಿಭೇದಿ ಶುರುವಾದರೆ ಮೊದಲು ಬೈಸಿಕೊಳ್ಳುವವರು ಕ್ಯಾಂಟೀನಿನವರು. ಇಂಥ ವಾಂತಿಭೇದಿ ತರುವ ನೊರೊವೈರಸ್ ಊಟದಿಂದಲೂ ಬರುತ್ತದೆ, ನಿಜ. ಆದರೆ ಒಳಗೆ ಬಂದಮೇಲೆ ಅದು ಓಡಾಡುವುದು ಕೈಯಲ್ಲಿ, ಬೆಡ್‌ಪ್ಯಾನಿನಲ್ಲಿ, ನಲ್ಲಿಯ ತಿರುಪಿನಲ್ಲಿ. ನೂರಕ್ಕಿಂತ ಕಡಿಮೆ ಕಣ ಹೊಟ್ಟೆ ಸೇರಿದರೂ ಸಾಕು. 12ರಿಂದ 48 ಗಂಟೆಯೊಳಗೆ ಕಾಯಿಲೆ. ಹೆಸರು ಬಂದದ್ದು ಅಮೆರಿಕದ ಓಹಾಯೊದ ನಾರ್ವಾಕ್ ಊರಿನಿಂದ, 1968ರಲ್ಲಿ ಅಲ್ಲಿನ ಶಾಲೆಯೊಂದರಲ್ಲಿ ಇದು ಹಬ್ಬಿತ್ತು. ದೂರದ ಮಾತೇಕೆ, ನಮ್ಮ ಗಡಿಗೆ ತಾಗಿದ ವಯನಾಡಿನಲ್ಲೇ 2021ರಲ್ಲಿ ಕಾಣಿಸಿಕೊಂಡಿತ್ತು.

ಮಕ್ಕಳಲ್ಲಿ ವಾಂತಿಯದೇ ಜೋರು. ಬಾಯಾರಿದ ಮಗು ಓಆರ್‌ಎಸ್ ಗಟಗಟ ಕುಡಿಯುತ್ತದೆ, ಕಕ್ಕುತ್ತದೆ. "ಓಆರ್‌ಎಸ್ ಹಿಡಿಸ್ತಿಲ್ಲ ಸಿಸ್ಟರ್, ಡ್ರಿಪ್ ಹಾಕಿ" ಅನ್ನುತ್ತಾರೆ ತಾಯಿ. ತಪ್ಪು ಓಆರ್‌ಎಸ್‌ದಲ್ಲ, ಲೋಟದ್ದು. ಹತ್ತು ನಿಮಿಷ ಬಿಟ್ಟು, ಒಂದೆರಡು ನಿಮಿಷಕ್ಕೊಮ್ಮೆ 5 ಮಿ.ಲೀ. ಚಮಚದಲ್ಲಿ ಕೊಡಿ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು. ಲೋಟಕ್ಕಿಷ್ಟು ಪುಡಿ ಉದುರಿಸಿದರೆ ಉಪ್ಪು ಹೆಚ್ಚಾಗಿ ಅಪಾಯ. ಎದೆಹಾಲು ನಿಲ್ಲಿಸಬೇಡಿ.

ಗಟ್ಟಿಮುಟ್ಟಾದ ವಯಸ್ಕರು ಎರಡು-ಮೂರು ದಿನದಲ್ಲಿ ಎದ್ದು ಕೂರುತ್ತಾರೆ. ಆದರೆ ಅಂಗಾಂಗ ಕಸಿಯಾದವರಲ್ಲಿ ಭೇದಿ ತಿಂಗಳುಗಟ್ಟಲೆ ಎಳೆಯಬಹುದು.

ಕಷ್ಟ ಇರುವುದು ಹಿರಿಯರದ್ದು. ಅವರಿಗೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗದು, ಜ್ವರವೂ ಕಾಣದಿರಬಹುದು. "ಅಜ್ಜ ಬೆಳಗಿನಿಂದ ಯಾಕೋ ಮಂಕು" ಎಂಬುದೇ ಮೊದಲ ಸುಳಿವು. ಎಷ್ಟು ಕುಡಿದರು, ಎಷ್ಟು ಮೂತ್ರ ಹೋಯಿತು ಎಂದು ಬರೆದಿಡಿ. ಮೂತ್ರ ಹೆಚ್ಚಿಸುವ ಮಾತ್ರೆ, ಕೆಲವು ಬಿಪಿ ಮಾತ್ರೆ ಇವನ್ನು ನೀರು ಬತ್ತಿದ ದೇಹಕ್ಕೆ ಎಂದಿನಂತೆ ಕೊಡುತ್ತಾ ಹೋದರೆ ಕಿಡ್ನಿಗೆ ಪೆಟ್ಟು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಆಗ ಮೈಯಲ್ಲೇ ಉಳಿದು ರಕ್ತದಲ್ಲಿ ಆಮ್ಲ ಏರಿಸಬಹುದು. ಮುಂದಿನ ಡೋಸಿಗೆ ಮುನ್ನ ಡಾಕ್ಟರನ್ನು ಕೇಳಿ. ಹಾಸಿಗೆ ಹಿಡಿದವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿ ಶ್ವಾಸಕೋಶಕ್ಕೆ ಇಳಿಯಬಾರದು.

ಇನ್ನು ಸ್ಯಾನಿಟೈಸರ್. ಕೋವಿಡ್ ಕಲಿಸಿಹೋದ ಅಭ್ಯಾಸ. ಕೊರೊನಾಕ್ಕೆ ಕೊಬ್ಬಿನ ಹೊದಿಕೆ ಇತ್ತು, ಆಲ್ಕೋಹಾಲ್ ಅದನ್ನು ಕರಗಿಸುತ್ತಿತ್ತು. ನೊರೊವೈರಸ್ಸಿಗೆ ಆ ಹೊದಿಕೆಯೇ ಇಲ್ಲ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು.

ನೆಲದ ಮೇಲಿನ ವಾಂತಿಗೆ ನೇರವಾಗಿ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಕ್ಲೋರಿನ್ ಇರುವ ಬ್ಲೀಚ್ ದ್ರಾವಣ) ಸುರಿದರೆ ಕ್ಲೋರಿನ್ ಕೊಳೆಯಲ್ಲೇ ಖರ್ಚಾಗಿಬಿಡುತ್ತದೆ. ಕೈಗವಸು, ಮಾಸ್ಕ್, ಏಪ್ರನ್ ಹಾಕಿಕೊಂಡು ಮೊದಲು ಟಿಶ್ಯೂವಿನಿಂದ ಒತ್ತಿ ತೆಗೆದು ಸೋಂಕಿನ ಕಸದ ಹಳದಿ ಚೀಲಕ್ಕೆ ಹಾಕಿ, ಸೋಪುನೀರಿನಲ್ಲಿ ಒರೆಸಿ, ಆಮೇಲೆ ಹೈಪೋ. ಬಾಟಲಿ ಶೇ. 5ರದ್ದಾದರೆ 100 ಮಿ.ಲೀ.ಗೆ 900 ಮಿ.ಲೀ. ನೀರು, ಅಂದರೆ 5000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 5000 ಪಾಲು). ಹತ್ತು ನಿಮಿಷ ಒದ್ದೆಯಾಗಿಯೇ ಇರಲಿ. ಶೇ. 10ರದ್ದಾದರೆ 50ಕ್ಕೆ 950. ಲೇಬಲ್ ಓದದೆ ಅಳೆಯಬೇಡಿ. ಬಿಸಿಲಿಗಿಟ್ಟ ಬಾಟಲಿಯ ಕ್ಲೋರಿನ್ ಹಾರಿರುತ್ತದೆ. ಟಾಯ್ಲೆಟ್ ಆಸಿಡ್ ಜೊತೆ ಬೆರೆಸಿದರೆ ವಿಷಾನಿಲ ಏಳುತ್ತದೆ.

ನಿಮಗೇ ಬಂದರೆ, ವಾಂತಿಭೇದಿ ನಿಂತ ಮೇಲೂ 48 ಗಂಟೆ ಡ್ಯೂಟಿಗೆ ಬರಬೇಡಿ. ಆಯಾಗಳಿಗೂ, ಊಟ ಬಡಿಸುವವರಿಗೂ ಇದೇ ನಿಯಮ ಇರಲಿ. ದಿನಗೂಲಿಯವರಿಗೆ ಆ ಎರಡು ದಿನದ ಸಂಬಳ ಕಡಿದರೆ, ಅವರು ಹೊಟ್ಟೆನೋವು ಮುಚ್ಚಿಟ್ಟುಕೊಂಡು ಕೆಲಸಕ್ಕೆ ಬಂದೇ ಬರುತ್ತಾರೆ.