ತಲೆಸ್ನಾನದ ದಿನ ಮಾತ್ರ ಫಿಟ್ಸ್ ಬರುತ್ತೆ, ಯಾಕೆ?

ನಮಸ್ಕಾರ. ಹೋದ ವಾರ ಬಸವನಗುಡಿಯ ಒಬ್ಬ ತಾಯಿ ನನಗೆ ಒಂದು ಪ್ರಶ್ನೆ ಕೇಳಿದರು. ಮಗಳಿಗೆ ಹದಿನಾರು ವರ್ಷ. ವಾರಕ್ಕೊಮ್ಮೆ ತಲೆಗೆ ನೀರು ಹಾಕಿಕೊಳ್ಳುತ್ತಾಳೆ. ಅವತ್ತೇ, ಬಚ್ಚಲಲ್ಲೇ, ಮಾತು ತೊದಲುತ್ತದೆ, ಕಣ್ಣು ಒಂದು ಕಡೆ ನೆಟ್ಟುಬಿಡುತ್ತದೆ. ಎರಡು ಸಲ ಬಿದ್ದೂ ಇದ್ದಾಳೆ. ಮಿದುಳಿನ ವಿದ್ಯುತ್ ಅಳೆಯುವ ಇಇಜಿ ನಾರ್ಮಲ್, ಮಿದುಳಿನ ಎಂಆರ್‌ಐ ಸ್ಕ್ಯಾನ್ ನಾರ್ಮಲ್. "ಪರೀಕ್ಷೆ ಟೆನ್ಷನ್ ಇರಬೇಕು" ಅಂತ ಒಂದು ಕಡೆ ಹೇಳಿ ಕಳಿಸಿದ್ದಾರೆ. ಅಮ್ಮ ಕೇಳಿದ್ದು ಇಷ್ಟೇ: "ನನ್ನ ಮಗಳು ನಾಟಕ ಮಾಡ್ತಿದಾಳಾ?"

ಅವಳಿಗೆ ಏನಾಗಿದೆ ಅಂತ ಡಾಕ್ಟರೇ ನೋಡಿ ಹೇಳಬೇಕು. ಆದರೆ ಈ ಲಕ್ಷಣಕ್ಕೆ ಒಂದು ಹೆಸರಿದೆ, ಮತ್ತು ಅದು ನಮ್ಮ ಕರ್ನಾಟಕಕ್ಕೆ ತುಂಬಾ ಹತ್ತಿರದ್ದು.

ಮೊದಲು ಬೇಗ ಬೇಗ ಬೇಸಿಕ್ಸ್. ಮಿದುಳಿನ ನರಕೋಶಗಳು ಒಂದರ ಜೊತೆ ಒಂದು ಮಾತಾಡುವುದು ಸಣ್ಣ ವಿದ್ಯುತ್ತಿನಲ್ಲಿ. ಒಂದಷ್ಟು ಕೋಶಗಳು ಹತೋಟಿ ತಪ್ಪಿ ಒಟ್ಟಿಗೇ ಕೂಗಿದರೆ ಫಿಟ್ಸ್. ಕಾರಣವಿಲ್ಲದೆ ಮತ್ತೆ ಮತ್ತೆ ಬಂದರೆ, ಅಥವಾ ಯಾವುದೋ ಒಂದೇ ಪ್ರಚೋದನೆಗೆ ಮತ್ತೆ ಮತ್ತೆ ಬಂದರೆ, ಅದು ಅಪಸ್ಮಾರ, ನಾವು ಮೂರ್ಛೆ ರೋಗ ಅನ್ನುತ್ತೇವಲ್ಲ ಅದು.

[ಸ್ಕ್ರೀನ್: ಹಂಡೆ, ಚೊಂಬು, ಹಬೆ]

ಈಗ ನೋಡಿ, ನನ್ನನ್ನು ಎರಡು ದಿನ ಹಿಡಿದು ಕೂರಿಸಿದ ವಿಷಯ. ಬಿಸಿನೀರಿನ ಅಪಸ್ಮಾರ. 1945ರಲ್ಲಿ ನ್ಯೂಜಿಲೆಂಡಿನಿಂದ ಮೊದಲ ವರದಿ ಬಂತು. ಆದರೆ ಪ್ರಪಂಚದಲ್ಲಿ ಇದು ಜಾಸ್ತಿ ಕಾಣಿಸಿದ್ದು ದಕ್ಷಿಣ ಭಾರತದಲ್ಲಿ, ಅದರಲ್ಲೂ ನಮ್ಮ ಮೈಸೂರು, ಬೆಂಗಳೂರು ಸೀಮೆಯಲ್ಲಿ. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಜೊತೆಗಾರರು 279 ಜನರ ವಿವರ ಬರೆದರು.

ನಾವು ಸ್ನಾನ ಮಾಡುವ ರೀತಿ ನೆನಪಿಸಿಕೊಳ್ಳಿ. ಮೈಗೆ ಎಣ್ಣೆ, ಸೀಗೆಪುಡಿ, ಹಂಡೆಯಲ್ಲಿ ಕುದಿಯೋ ಹಾಗಿರುವ ನೀರು, ಅಜ್ಜಿ ಕೂತು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಹುಯ್ಯುವುದು. ನೀರು ನಲವತ್ತರಿಂದ ಐವತ್ತು ಡಿಗ್ರಿ, ಮೈಯ ಬಿಸಿ ಮೂವತ್ತೇಳು. ಕೆಲವರ ಮಿದುಳಿಗೆ ಆ ಬಿಸಿಯನ್ನು ಸಂಭಾಳಿಸುವ ಶಕ್ತಿ ಹುಟ್ಟಿನಿಂದಲೇ ಕಡಿಮೆ ಅನ್ನುವುದು ಸಂಶೋಧಕರ ಊಹೆ. ಕೆಲವು ಮನೆಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ನನಗೆ ಮೈ ಜುಮ್ಮೆಂದಿದ್ದು ಇನ್ನೊಂದು ಮಾತಿಗೆ: ಫಿಟ್ಸ್ ಶುರುವಾಗುವ ಹೊತ್ತಿಗೆ ಕೆಲವರಿಗೆ ಒಂಥರಾ ಹಿತ ಅನಿಸುತ್ತದಂತೆ, ಬೇಡ ಅಂದರೂ ಕೈ ನಿಲ್ಲದೆ, ಪ್ರಜ್ಞೆ ತಪ್ಪುವವರೆಗೂ ಬಿಸಿನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಹೊರಗೆ ನಿಂತ ಅಮ್ಮನಿಗೆ ಕೇಳಿಸುವುದು ನೀರಿನ ಸದ್ದು ಮಾತ್ರ. ಸ್ನಾನ ಚೆನ್ನಾಗಿ ಸಾಗುತ್ತಿದೆ ಅಂದುಕೊಳ್ಳುತ್ತಾರೆ.

ಇವರಲ್ಲಿ ಎಷ್ಟೋ ಜನರ ಇಇಜಿ ಬೇರೆ ಹೊತ್ತಿನಲ್ಲಿ ನಾರ್ಮಲ್ ಇರುತ್ತದೆ. ಸ್ಕ್ಯಾನ್ ಕೂಡ. ಹಾಗಾಗಿ "ಎಲ್ಲಿ ಬಿದ್ದೆ? ಆಗ ಏನು ಮಾಡ್ತಿದ್ದೆ?" ಅಂತ ಯಾರೂ ಕೇಳದಿದ್ದರೆ ಕಾಯಿಲೆ ಸಿಗುವುದೇ ಇಲ್ಲ. ಸಿಕ್ಕರೆ ದಾರಿ ಸುಲಭ. ಉಗುರುಬೆಚ್ಚಗಿನ ನೀರು. ಅದಕ್ಕೂ ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕ್ಲೋಬಜಾಮ್ ಅನ್ನುವ ಮಾತ್ರೆ ಕೊಡುತ್ತಾರೆ. ಅದು ಬೇಕೋ ಬೇಡವೋ, ಎಷ್ಟು ಅನ್ನುವುದು ಡಾಕ್ಟರ್ ಹೇಳಬೇಕು.

ಆದರೆ ಅದೇ ಬಚ್ಚಲಲ್ಲಿ ಇನ್ನೊಂದು ಕಾರಣವೂ ಇರಬಹುದು. ಗ್ಯಾಸ್ ಗೀಸರ್. ಬೆಂಗಳೂರಿನ ಸಣ್ಣ ಮನೆಗಳ ಬಾತ್‌ರೂಮ್ ಗೊತ್ತಲ್ವಾ, ನಾಲ್ಕಡಿ ಜಾಗ, ಚಳಿ ಅಂತ ಕಿಟಕಿಯೂ ಮುಚ್ಚಿರುತ್ತದೆ. ಗಾಳಿ ಸಾಲದೆ ಗ್ಯಾಸ್ ಅರ್ಧಂಬರ್ಧ ಉರಿದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತಿ ಬೀಳುತ್ತಾರೆ, ಫಿಟ್ಸೂ ಬರಬಹುದು, ಜೀವವೂ ಹೋಗಬಹುದು. ಇದನ್ನು ಅಪಸ್ಮಾರ ಅಂದುಕೊಂಡು ವರ್ಷಗಟ್ಟಲೆ ಮಾತ್ರೆ ನುಂಗಿದರೆ ಏನು ಪ್ರಯೋಜನ? ಗೀಸರ್ ಇನ್ನೂ ಅಲ್ಲೇ ಇರುತ್ತದೆ, ನಾಳೆ ಮನೆಯ ಇನ್ನೊಬ್ಬರು ಅಲ್ಲಿಗೇ ಸ್ನಾನಕ್ಕೆ ಹೋಗುತ್ತಾರೆ. ಅದಕ್ಕೇ ಡಾಕ್ಟರ್ ಹತ್ತಿರ ಹೋದಾಗ ನೀರು ಕಾಯಿಸುವುದು ಯಾವುದರಲ್ಲಿ, ಗೀಸರ್ ಎಲ್ಲಿದೆ, ಕಿಟಕಿ ತೆರೆದಿತ್ತಾ, ಎಷ್ಟು ಹೊತ್ತಿಗೆ ಬಿದ್ದದ್ದು, ಎಲ್ಲವನ್ನೂ ಹೇಳಿ. ಕೇಳದಿದ್ದರೂ ಹೇಳಿ. ಮತ್ತೆ ಫಿಟ್ಸ್ ಬಂದರೆ, ಒಬ್ಬರು ಬಿದ್ದವರನ್ನು ಒಂದು ಮಗ್ಗುಲಿಗೆ ತಿರುಗಿಸಲಿ, ಇನ್ನೊಬ್ಬರು ಮೊಬೈಲಲ್ಲಿ ವಿಡಿಯೋ ಮಾಡಲಿ. ಆ ಒಂದು ನಿಮಿಷ ಡಾಕ್ಟರಿಗೆ ಬಹಳ ಸಹಾಯ. ಕೈಗೆ ಬೀಗದ ಕೈ ಕೊಡಬೇಡಿ, ಬಾಯಿಗೆ ಏನೂ ಹಾಕಬೇಡಿ. ಐದು ನಿಮಿಷ ದಾಟಿತಾ, ಸೀದಾ ಆಸ್ಪತ್ರೆ.

ಟೈಮ್ ಕಡಿಮೆ ಇದೆ, ಉಳಿದದ್ದನ್ನು ಒಟ್ಟಿಗೇ ಹೇಳುತ್ತೇನೆ. ಅಪಸ್ಮಾರ ಅಂತ ಗೊತ್ತಾದ ಮೇಲೆ ಮನೆಯವರಿಗೆ ಅಪಾಯಗಳನ್ನೂ ಹೇಳಬೇಕು. ಹೆದರುತ್ತಾರೆ ಅಂತ ಎಷ್ಟೋ ಕಡೆ ಹೇಳುವುದಿಲ್ಲ. ನನಗೆ ಇದು ಸರಿ ಅನಿಸುವುದಿಲ್ಲ. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು 1000 ರೋಗಿಗಳಲ್ಲಿ ಒಬ್ಬರಿಗೆ, ಮಕ್ಕಳಲ್ಲಿ 4500ರಲ್ಲಿ ಒಬ್ಬರಿಗೆ ದಿಢೀರ್ ಸಾವು ಬರುತ್ತದೆ, ಹೆಚ್ಚಾಗಿ ನಿದ್ದೆಯಲ್ಲಿ. ಸುಡೆಪ್ ಅನ್ನುತ್ತಾರೆ. ಮೈಯೆಲ್ಲ ಅದುರುವ ದೊಡ್ಡ ಫಿಟ್ಸ್ ಪದೇ ಪದೇ ಬರುವವರಿಗೆ ಅಪಾಯ ಜಾಸ್ತಿ, ಫಿಟ್ಸ್ ಹತೋಟಿಗೆ ಬಂದರೆ ಕಡಿಮೆ. ಇದು ಗೊತ್ತಿರುವವರು ಮಾತ್ರೆ ತಪ್ಪಿಸುವ ಮೊದಲು ಎರಡು ಸಲ ಯೋಚಿಸುತ್ತಾರೆ, ಅಲ್ವಾ? ಬಿಸಿನೀರಿಗೆ ಮಾತ್ರ ಬರುತ್ತಿದ್ದದ್ದು ಕೆಲವರಿಗೆ ಮುಂದೆ ಸ್ನಾನವಿಲ್ಲದೆಯೂ ಬರಬಹುದು, ಅದನ್ನೂ ಕೇಳಿಟ್ಟುಕೊಳ್ಳಿ. ಹೆಣ್ಣುಮಕ್ಕಳಿಗೆ ವಾಲ್ಪ್ರೊಯೇಟ್ ಅನ್ನುವ ಫಿಟ್ಸ್ ಮಾತ್ರೆ ಬರೆದುಕೊಟ್ಟಿದ್ದರೆ ಮುಂದೆ ಬಸುರಿಯಾದಾಗ ಮಗುವಿಗೆ ಏನಾಗುತ್ತದೆ ಅಂತ ಈಗಲೇ ಕೇಳಿ, ಆದರೆ ನೀವಾಗೇ ನಿಲ್ಲಿಸಬೇಡಿ. ಮದುವೆಯ ಭಯ ಇರುವವರಿಗೆ: ಅಪಸ್ಮಾರವಿದ್ದರೆ ಮದುವೆ ರದ್ದು ಮಾಡಿಸಬಹುದು ಅನ್ನುವ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದುಹಾಕಿದ್ದಾರೆ.

ಬಸವನಗುಡಿಯ ಅಮ್ಮನಿಗೆ ನಾನು ಹೇಳಿದ್ದು, ಮೊದಲು ನರರೋಗ ತಜ್ಞರ ಹತ್ತಿರ ಮತ್ತೆ ಹೋಗಿ, ಸ್ನಾನದ ವಿಷಯದಿಂದಲೇ ಮಾತು ಶುರು ಮಾಡಿ ಅಂತ. ಅಲ್ಲಿವರೆಗೆ ಬಚ್ಚಲ ಚಿಲಕ ಹಾಕುವುದು ಬೇಡ. ನಿನ್ನೆ ಫೋನ್ ಮಾಡಿದ್ದರು. ಚಿಲಕವನ್ನೇ ಬಿಚ್ಚಿ ತೆಗೆದಿದ್ದಾರಂತೆ. ಮಗಳು ಒಳಗಿಂದ ಹಾಡು ಹೇಳುತ್ತಾಳೆ, ಅಮ್ಮ ಹೊರಗೆ ಕೂತು ಕೇಳಿಸಿಕೊಳ್ಳುತ್ತಾರೆ.