ಅಕ್ಕಲಕೋಟದಲ್ಲಿ ಟ್ರಿಪಲ್ ರೈಸ್, ಜೊತೆಗೆ ಮೂರು ವಾಟಿ ಚಟ್ನಿಯ ಲೆಕ್ಕ

ಈ ಗದ್ದಲ ನೋಡಿ. ಇಲ್ಲಿ ನಾನು ಏನೇನೋ ಮಾತಾಡಿದ್ದೆ, ಒಂದಕ್ಷರ ಕೇಳಿಸುತ್ತಿಲ್ಲ. ಬರೀ ಕಡಾಯಿ ಸದ್ದು, ಟಂಟಂ ರಿಕ್ಷಾ ಹಾರ್ನ್. ಅದಕ್ಕೇ ಮನೆಯಲ್ಲಿ ಕೂತು ಈ ವಿಡಿಯೋಗೆ ಮೇಲಿಂದ ಮಾತು ಸೇರಿಸುತ್ತಿದ್ದೇನೆ. ಇದು ಅಕ್ಕಲಕೋಟ, ಸೊಲ್ಲಾಪುರ ಜಿಲ್ಲೆ. ಗುರುವಾರ ಸಂಜೆ. ಗುರುವಾರ ಅಂದರೆ ಇಲ್ಲಿನ ಸಂತ ಸ್ವಾಮಿ ಸಮರ್ಥರ ದರ್ಶನದ ದಿನ, ಪುಣೆಯಿಂದಲೂ ಗಾಡಿ, ಕಲಬುರಗಿಯಿಂದಲೂ ಬಸ್ಸು. ಬೋರ್ಡು ಪೂರ್ತಿ ಮರಾಠಿ, ಚೌಕಾಸಿ ಮಾತ್ರ ಕನ್ನಡದಲ್ಲಿ. ನಮ್ಮ ಊರು ಹೀಗೇ.

ದರ್ಶನದ ವಿಡಿಯೋ ಇದರಲ್ಲಿಲ್ಲ, ಒಳಗೆ ಫೋನು ತೆಗೆದಿಲ್ಲ. ಇದು ಪೂರ್ತಿ ಚೈನೀಸ್ ವಿಡಿಯೋ. ಕೆಲವರಿಗೆ ಬೇಜಾರಾಗಬಹುದು. ದೇವರ ಊರಿಗೆ ಹೋಗಿ ಅನ್ನಛತ್ರದಲ್ಲಿ ಪ್ರಸಾದ ಬಿಟ್ಟು ನೂಡಲ್ಸ್ ತಿಂತೀರಾ ಅಂತ. ಪ್ರಸಾದ ಮಧ್ಯಾಹ್ನವೇ ಆಯಿತು. ಸಂಜೆ ತಮ್ಮನ ಹಠ. ಅವನಿಗೆ ಗುರುವಾರ ಚಿಕನ್ ಇಲ್ಲ, ಅವ್ವನ ಕಟ್ಟಪ್ಪಣೆ. ಹಾಗಾಗಿ ಇವತ್ತು ಎಲ್ಲಾ ವೆಜ್.

ಅಂಗಡಿ ಹೆಸರು ಹೇಳಲ್ಲ. ಬೋರ್ಡ್ ಬ್ಲರ್ ಮಾಡಿದ್ದೇನೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಕೆಂಪು ಬಣ್ಣ, ಡ್ರ್ಯಾಗನ್ ಚಿತ್ರ, ಡ್ರ್ಯಾಗನ್ ಪಕ್ಕದಲ್ಲಿ ಗಣಪತಿ. ಮೊದಲು ಬರೀ ಗಾಡಿ ಇತ್ತು, ಈಗ ಹಿಂದೆ ಒಂದು ಪತ್ರಾಸ್ ಶೆಡ್ ಹಾಕಿ ಐದಾರು ಟೇಬಲ್ ಇಟ್ಟಿದ್ದಾರೆ. ಅಡುಗೆ ಇನ್ನೂ ಹೊರಗೇ. ಅದೇ ಒಳ್ಳೆಯದು, ಏನು ಮಾಡುತ್ತಾರೆ ಅಂತ ಕಣ್ಣಿಗೆ ಕಾಣುತ್ತದೆ.

ಈ ಬೆಂಕಿ ನೋಡಿ. ಮನೆಯ ಗ್ಯಾಸಿನಲ್ಲಿ ಈ ರುಚಿ ಬರಲ್ಲ ಅಂತ ಎಲ್ಲರೂ ಗೊಣಗುತ್ತಾರಲ್ಲ, ಕಾರಣ ಇಷ್ಟೇ. ಇಷ್ಟು ಉರಿ ಮನೆಯಲ್ಲಿ ಇಲ್ಲ. ಉರಿ ಕಡಿಮೆ ಇದ್ದರೆ ಎಲೆಕೋಸು ನೀರು ಬಿಡುತ್ತದೆ, ಹುರಿಯೋದರ ಬದಲು ಬೇಯುತ್ತದೆ. ಇನ್ನೊಂದು, ಅನ್ನ ಬಿಸಿ ಇರಬಾರದು. ಆ ದೊಡ್ಡ ಪಾತೇಲಿಯಲ್ಲಿ ಇರೋದು ಆರಿದ ಅನ್ನ. ಬಿಸಿ ಅನ್ನ ಹಾಕಿದರೆ ಮುದ್ದೆ ಆಗುತ್ತದೆ. ಮನೆಯಲ್ಲಿ ಫ್ರೈಡ್ ರೈಸ್ ಮಾಡಬೇಕು ಅಂದರೆ ರಾತ್ರಿ ಉಳಿದ ಅನ್ನ ಫ್ರಿಜ್‌ನಲ್ಲಿಡಿ, ಬೆಳಗ್ಗೆ ಮಾಡಿ.

ಹುಡುಗ ಬಂದ. "ಕಾಯ್ ಪಾಹಿಜೆ, ತಾಈ?" ಅಂದ. ತಮ್ಮ ಕನ್ನಡದಲ್ಲಿ ಶುರು ಮಾಡಿದ ತಕ್ಷಣ "ಹಾಂ ಹೇಳ್ರಿ" ಅಂತ ಅವನೂ ಕನ್ನಡಕ್ಕೆ ಬಂದ. ಮಂಚಾವ್ ಸೂಪ್ ಒಂದು, ಮಂಚೂರಿಯನ್ ಡ್ರೈ ಹಾಫ್, ಟ್ರಿಪಲ್ ಶೇಜ್ವಾನ್ ರೈಸ್ ಫುಲ್. ಇಬ್ಬರಿಗೆ ಸಾಕು.

ಸೂಪ್. ಗಟ್ಟಿ ಇದೆ, ಕಾರ್ನ್‌ಫ್ಲೋರ್ ಕೈಬಿಟ್ಟು ಹಾಕಿದ್ದಾರೆ. ಮೇಲೆ ಕರಿದ ನೂಡಲ್ಸ್. ಬೆಳ್ಳುಳ್ಳಿ, ಶುಂಠಿ ಚೆನ್ನಾಗಿ ಹತ್ತಿದೆ. 50 ರೂಪಾಯಿಗೆ ಏನೂ ಅನ್ನೋ ಹಾಗಿಲ್ಲ. ಮುಂದೆ.

ತಡೆಯಿರಿ, ಈ ಬಿಳಿ ಪುಡಿ ಶಾಟ್ ಬಂತು. ಹೌದು, ಅಜಿನೊಮೊಟೊ. ಅದನ್ನು ಕಂಡರೆ ನಮ್ಮವರು ವಿಷ ಕಂಡ ಹಾಗೆ ಆಡುತ್ತಾರೆ. ಅದು ಚೀನಾದ್ದೂ ಅಲ್ಲ, ಜಪಾನಿನದು. 1908ರಲ್ಲಿ ಕಿಕುನಾಯೆ ಇಕೆದಾ ಅನ್ನೋ ಪ್ರೊಫೆಸರ್ ಸಮುದ್ರದ ಪಾಚಿಯ ಸಾರಿನಿಂದ ಆ ರುಚಿಯನ್ನ ಬೇರೆ ಮಾಡಿದರು. ಟೊಮ್ಯಾಟೊದಲ್ಲೂ ಆ ರುಚಿ ಸ್ವಲ್ಪ ಇದ್ದೇ ಇರುತ್ತದೆ. ನನಗೆ ಅದರಿಂದ ಏನೂ ಆಗಲ್ಲ. ಆದರೆ ಈ ಅಣ್ಣ ಹಾಕಿದ್ದು ಜಾಸ್ತಿಯೇ ಆಯಿತು, ಆ ಚಮಚ ನೋಡಿ.

ಮಂಚೂರಿಯನ್ ಬಂತು. ಬೆಂಗಳೂರು ಕಡೆಯಿಂದ ನೋಡುತ್ತಿರುವವರಿಗೆ ಇಲ್ಲೊಂದು ಮಾತು. ನಿಮಗೆ ಗೋಬಿ ಅಂದರೆ ಹೂಕೋಸು. ಈ ಕಡೆ ಗಾಡಿಯಲ್ಲಿ ಸುಮ್ನೆ ಮಂಚೂರಿಯನ್ ಅಂದರೆ ಎಲೆಕೋಸು ಹೆಚ್ಚಿ, ಗಜ್ಜರಿ ಅಂದರೆ ಕ್ಯಾರೆಟ್ ಹಾಕಿ, ಹಿಟ್ಟಲ್ಲಿ ಕಲಸಿ ಕರಿದ ಉಂಡೆ. ನನಗೆ ಹೂಕೋಸೇ ಇಷ್ಟ. ಉಂಡೆಯಲ್ಲಿ ಹಿಟ್ಟೇ ಬಾಯಿಗೆ ಸಿಗುತ್ತದೆ. ಇದು ಸೋಡಾ ಜಾಸ್ತಿಯಾದ ಭಜಿ, ಮೇಲೆ ಸೋಯಾ ಸಾಸ್. ತಮ್ಮ ಒಪ್ಪಲ್ಲ. ಅವನ ಪಾಲಿಗೆ ಇದೇ ಅಸಲಿ, ನಿಮ್ಮದು ನಕಲಿ.

ಅಸಲಿ ಎಲ್ಲಿ ಬಂತು ಹೇಳಿ! ಮಂಚೂರಿಯನ್ ಹುಟ್ಟಿದ್ದೇ ಮುಂಬೈಯಲ್ಲಿ. 1975ರ ಹೊತ್ತಿಗೆ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ ನೆಲ್ಸನ್ ವಾಂಗ್ ಅನ್ನೋರು ಮಾಡಿದ್ದು. ಅವರು ಹುಟ್ಟಿದ್ದು ಕಲ್ಕತ್ತದಲ್ಲಿ, ಚೀನೀ ಮನೆತನ. ಬಂದ ಗಿರಾಕಿ ಏನಾದರೂ ಹೊಸದು ಕೊಡಿ ಅಂದರಂತೆ. ಇವರು ನಮ್ಮ ಹಾಗೇ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ ಹುರಿದು, ಗರಂ ಮಸಾಲೆ ಬದಲು ಸೋಯಾ ಸಾಸ್, ಕಾರ್ನ್‌ಫ್ಲೋರ್ ಹಾಕಿ ಚಿಕನ್ ಮಾಡಿ ಕೊಟ್ಟರು. ವೆಜ್ ಆಮೇಲೆ ಬಂತು. ಹಾಗಾಗಿ ಹೂಕೋಸೂ ಅಸಲಿ ಅಲ್ಲ, ಎಲೆಕೋಸೂ ಅಲ್ಲ. ಇದನ್ನ ಅಲ್ಲೇ ಹೇಳಿದೆ, ಅವನು ಉಂಡೆ ಬಾಯಿಗೆ ಹಾಕಿಕೊಂಡು ತಲೆ ಅಲ್ಲಾಡಿಸಿದ.

ಬಣ್ಣ ನೋಡಿ ಆದರೆ. ಲೈಟಿಗೆ ಹಿಡಿದು ತೋರಿಸಿದ್ದೇನೆ, ಫಿಲ್ಟರ್ ಇಲ್ಲ. ಕರ್ನಾಟಕದಲ್ಲಿ ಮಾರ್ಚ್ 2024ರಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದು ಬಂದ್ ಮಾಡಿದರು, ಬೊಂಬಾಯಿ ಮಿಠಾಯಿಯಲ್ಲಿ ಸಿಕ್ಕ ರೋಡಮೈನ್ ಬಿ ವಿಷಯವೂ ಆಗಲೇ ಸುದ್ದಿಯಾಯಿತು. ಆಮೇಲೆ ಕಲಬುರಗಿಯಲ್ಲಿ ತಿಂದ ಗೋಬಿ ಕಂದು ಬಣ್ಣದ್ದು. ಗಡಿ ದಾಟಿ ಇಲ್ಲಿಗೆ ಬಂದರೆ ಮತ್ತೆ ಕುಂಕುಮದ ಬಣ್ಣ. ರೋಡಮೈನ್ ಬಟ್ಟೆಗೆ ಹಾಕೋ ಬಣ್ಣ, ತಿನ್ನೋದಕ್ಕೆ ಹಾಕಲು ದೇಶದಲ್ಲಿ ಎಲ್ಲೂ ಅನುಮತಿ ಇಲ್ಲ, ಮಹಾರಾಷ್ಟ್ರದಲ್ಲೂ ಇಲ್ಲ. ಇಲ್ಲಿ ಹಾಕಿರೋದು ಅದೇ ಅಂತ ನಾನು ಹೇಳುತ್ತಿಲ್ಲ. ಮೆಣಸಿನಪುಡಿಯೂ ಇರಬಹುದು, ಬ್ಯಾಡಗಿ ಹಾಕಿದರೂ ಒಳ್ಳೆ ಕೆಂಪು ಬರುತ್ತದೆ. ಆದರೆ ತಮ್ಮನ ಬೆರಳು ಕೈ ತೊಳೆದ ಮೇಲೂ ಗುಲಾಬಿ ಇತ್ತು. ಸೊಲ್ಲಾಪುರ ಚಾದರಕ್ಕೆ ಅಂಥ ಬಣ್ಣ ಇರಲಿ, ಬೆರಳಿಗೆ ಬೇಡ. ನಾನು ಎರಡು ಉಂಡೆಗೇ ನಿಲ್ಲಿಸಿದೆ.

ಟ್ರಿಪಲ್ ಬಂತು, ಬಂತು. ಇದಕ್ಕೇ ಬಂದಿದ್ದು. ಗೊತ್ತಿಲ್ಲದವರಿಗೆ: ರೈಸ್, ನೂಡಲ್ಸ್ ಎರಡೂ ಸೇರಿಸಿ ಹುರಿದಿರುತ್ತಾರೆ, ಗ್ರೇವಿ ಬೇರೆ ಬಟ್ಟಲಲ್ಲಿ, ಮೇಲೆ ಕರಿದ ನೂಡಲ್ಸ್. ಮಹಾರಾಷ್ಟ್ರದ ಗಾಡಿಗಳಲ್ಲಿ ಇದೇ ರಾಜ. 140 ರೂಪಾಯಿ. ರೈಸಿನಲ್ಲಿ ಸುಟ್ಟ ವಾಸನೆ ಹದವಾಗಿ ಬಂದಿದೆ, ಅನ್ನ ಬಿಡಿಬಿಡಿ. ಗ್ರೇವಿ ಸುಮಾರು, ಮಂಚೂರಿಯನ್ ಉಂಡೆಯನ್ನೇ ಅದರಲ್ಲಿ ಎರಡು ಬಿಟ್ಟಿದ್ದಾರೆ. ಆದರೂ ಒಟ್ಟಿಗೆ ಕಲಸಿಕೊಂಡು ತಿಂದರೆ... ಹಾಂ. ಬಹಳ ಚೆನ್ನಾಗಿದೆ. ಸುಳ್ಳು ಯಾಕೆ ಹೇಳಲಿ.

ಈಗ ಚಟ್ನಿ. ಈ ಚಿಕ್ಕ ಸ್ಟೀಲ್ ವಾಟಿ ಕಾಣುತ್ತಿದೆಯಾ? ಶೇಜ್ವಾನ್ ಚಟ್ನಿ. ಚೀನಾದ ಸಿಚುವಾನ್ ಕಡೆ ಅಡುಗೆಗೆ ನಾಲಿಗೆ ಜುಮ್ಮೆನ್ನಿಸುವ ಒಂದು ಕಾಳು ಹಾಕುತ್ತಾರೆ. ಅದರ ನೆಂಟನೇ ಕೊಂಕಣದವರು ಮೀನುಸಾರಿಗೆ ಹಾಕುವ ತಿರ್ಫಳ. ಈ ಚಟ್ನಿಯಲ್ಲಿ ಅದರ ಸುಳಿವೇ ಇಲ್ಲ. ಒಣಮೆಣಸಿನಕಾಯಿ ನೆನೆಸಿ ರುಬ್ಬಿ, ಬೆಳ್ಳುಳ್ಳಿ ಜೊತೆ ಎಣ್ಣೆಯಲ್ಲಿ ಬಾಡಿಸಿ, ವಿನೆಗರ್, ಸಕ್ಕರೆ. ಅಷ್ಟೇ. ನಮ್ಮ ಕೆಂಪು ಮೆಣಸಿನಕಾಯಿ ಚಟ್ನಿ ರಂಜಕಕ್ಕೆ ಬಹಳ ದೂರದ್ದೇನಲ್ಲ. ಅದಕ್ಕೇ ನಮಗೆ ಇಷ್ಟು ಹಿಡಿಸಿದೆ ಅಂತ ನನ್ನ ಅಂದಾಜು.

ಮೊದಲನೇ ವಾಟಿ ಸೂಪಿನ ಜೊತೆ ತಾನಾಗೇ ಬಂತು. ನಾವು ಕೇಳಲಿಲ್ಲ. ಈ ಶಾಟ್ ನೋಡಿ, ಹುಡುಗ ಇಟ್ಟು ಹೋದ, ಅಲ್ವಾ? ಎರಡನೆಯದೂ ಹಾಗೇ, ಮೊದಲನೆಯದು ಖಾಲಿ ಆಗಿದ್ದು ನೋಡಿ ಅವನೇ ತಂದ. ನಾನು ಪಾಪ ಒಳ್ಳೆ ಹುಡುಗ ಅಂದೆ, ರೆಕಾರ್ಡ್ ಆಗಿದೆ. ಮೂರನೆಯದನ್ನು ತಮ್ಮ ಕೇಳಿದ. ಸರಿ. ಬಿಲ್ ಬಂತು. ಸೂಪ್ 50, ಮಂಚೂರಿಯನ್ 70, ಟ್ರಿಪಲ್ 140, ನೀರಿನ ಬಾಟಲಿ 20. ಕೂಡಿಸಿದರೆ 280. ಚೀಟಿಯಲ್ಲಿ 325. ಚಟ್ನಿ ಮೂರು, ಒಂದಕ್ಕೆ 15, ಒಟ್ಟು 45!

45 ಅಂದರೆ ಇನ್ನೊಂದು ಸೂಪಿಗೆ 5 ಕಡಿಮೆ. ಗಲ್ಲಾದಲ್ಲಿ ಕೂತ ಕಾಕಾನ ಹತ್ತಿರ ಹೋದೆ. "ಕಾಕಾ, ಚಟ್ನಿಗೆ ರೊಕ್ಕ ಯಾಕ್ರಿ?" ಅಂದೆ. "ಬೋರ್ಡ್‌ ಮ್ಯಾಲ ಬರದೀವಲ್ಲವಾ" ಅಂದರು. ಬೋರ್ಡಲ್ಲಿ ಇದೆ, ನಿಜ. ಝೂಮ್ ಮಾಡಿದ್ದೇನೆ ನೋಡಿ. ಕೊನೇ ಸಾಲು, ಅದರ ಮುಂದೆ ಕ್ಯಾಲೆಂಡರ್ ನೇತಾಡುತ್ತಿದೆ. ಫ್ಯಾನ್ ಗಾಳಿಗೆ ಕ್ಯಾಲೆಂಡರ್ ಎದ್ದಾಗ ಮಾತ್ರ ಚಟ್ನಿ ರೇಟ್ ಕಾಣುತ್ತದೆ.

"ಬಳ್ಳೊಳ್ಳಿ ರೇಟ್ ಗೊತ್ತೈತೇನವಾ ನಿನಗ?" ಅಂದರು ಕಾಕಾ. ಗೊತ್ತು. 2024ರಲ್ಲಿ ಕಿಲೋ 400 ರೂಪಾಯಿ ಮುಟ್ಟಿದಾಗ ಅವ್ವ ಒಗ್ಗರಣೆಗೆ ಎಸಳು ಎಣಿಸಿ ಹಾಕುತ್ತಿದ್ದಳು. ಆ ರೇಟೇ ಹಿಡಿಯೋಣ. ಒಂದು ಗ್ರಾಮಿಗೆ 40 ಪೈಸೆ. ಈ ವಾಟಿಯಲ್ಲಿ ಹತ್ತು ಗ್ರಾಮ್ ಬೆಳ್ಳುಳ್ಳಿ ಇದೆ ಅಂದುಕೊಂಡರೂ 4 ರೂಪಾಯಿ. ಮೆಣಸಿನಕಾಯಿ, ಎಣ್ಣೆ, ಗ್ಯಾಸು, ಹುಡುಗನ ಪಗಾರ, ವಾಟಿ ತೊಳೆಯೋದು, ಎಲ್ಲಾ ಸೇರಿಸಿ ಒಂದು 8 ಅನ್ನಿ. ಅಂದರೆ 15 ಅಷ್ಟೇನೂ ಅನ್ಯಾಯ ಅಲ್ಲ. ಮನೆಗೆ ಬಂದು ಎಡಿಟ್ ಮಾಡುವಾಗ ನನಗೂ ಹಾಗೇ ಅನ್ನಿಸಿತು, ಪಾಪ ಕಾಕಾ ಅಂತ.

ಆಮೇಲೆ ಮತ್ತೆ ಸಿಟ್ಟು ಬಂತು. ಯಾಕೆ ಅಂದರೆ ಇದು ಯಾವ ಸೀಮೆ? ಇಲ್ಲಿ ಯಾವ ಖಾನಾವಳಿಗೆ ಬೇಕಾದರೂ ಹೋಗಿ, ಕಡಕ್ ರೊಟ್ಟಿ ಜೊತೆ ಶೇಂಗಾ ಚಟ್ನಿ, ಮೇಲೆ ಎಣ್ಣೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಖಾರ. ಎಷ್ಟು ಸಲ ಕೇಳಿದರೂ ಬಡಿಸುತ್ತಾರೆ. ಬೇಡ ಅಂದರೆ ಸಿಟ್ಟಾಗುತ್ತಾರೆ. ಶೇಂಗಾ ಚಟ್ನಿಗೆ ಬೇರೆ ರೊಕ್ಕ ಕೇಳಿದ ಖಾನಾವಳಿ ಈ ಭಾಗದಲ್ಲಿ ಒಂದು ತಿಂಗಳು ನಡೆಯಲಿ, ನೋಡೋಣ. ಶೇಂಗಾ ಏನು ಪುಕ್ಕಟೆ ಬರುತ್ತದಾ? ಅವರು ರೊಟ್ಟಿ ರೇಟಿನಲ್ಲೇ ಅದನ್ನ ಸೇರಿಸಿರುತ್ತಾರೆ. ಈ ಕಾಕಾನೂ ಟ್ರಿಪಲ್‌ಗೆ 150 ಹಾಕಲಿ, ನಾನು ಸುಮ್ನೆ ಕೊಡುತ್ತೇನೆ. ಚಟ್ನಿ ಅಂತ ಬೇರೆ ಬರೆದರೆ ಮಾತ್ರ ಹೊಟ್ಟೆ ಉರಿಯುತ್ತದೆ. ಇಲ್ಲೇ ಅರ್ಧ ಕಿಲೋಮೀಟರ್ ಒಳಗೆ ಸಾವಿರಾರು ಜನಕ್ಕೆ ಪುಕ್ಕಟೆ ಊಟ ಹಾಕುವ ಅನ್ನಛತ್ರ, ಇಲ್ಲಿ ಎರಡು ಚಮಚ ಚಟ್ನಿಗೆ 15.

ಇದನ್ನೇ ಕಾಕಾಗೂ ಹೇಳಿದೆ. ಅನ್ನಛತ್ರದ ಮಾತು ತೆಗೆದ ಕೂಡಲೇ ಹಿಂದೆ ನಿಂತಿದ್ದ ಅಜ್ಜಿ ನಕ್ಕುಬಿಟ್ಟಳು. "ಖರೇನ ಐತಿ, ಬಿಡಪಾ ಒಂದು" ಅಂದಳು. ಕಾಕಾ ಅವಳ ಮುಖ ನೋಡಿದರು, ನನ್ನ ಫೋನು ನೋಡಿದರು, ಪೆನ್ನು ತೆಗೆದು ಒಂದು ಚಟ್ನಿ ಹೊಡೆದು ಹಾಕಿದರು. 310. ಎರಡು ಬಿಡಿ ಅಂತ ಕೇಳಬಹುದಿತ್ತು. ಹಿಂದೆ ಸಾಲು ಉದ್ದ ಇತ್ತು. ಸ್ಕ್ಯಾನ್ ಮಾಡಿದೆ, ಪೇಮೆಂಟ್ ಡಬ್ಬಿ "ತೀನ್‌ಶೇ ದಹಾ ರುಪಯೇ" ಅಂತ ಊರಿಗೆಲ್ಲಾ ಕೇಳೋ ಹಾಗೆ ಕೂಗಿತು.

ಈ ಗಾಡಿಗೆ ಮತ್ತೆ ಹೋಗುತ್ತೀಯಾ ಅಂದರೆ ಹೋಗುತ್ತೇನೆ. ಟ್ರಿಪಲ್ ತಿನ್ನೋಕೆ. ನೀವು ಹೋದರೆ ವಾಟಿ ಇಡುವಾಗಲೇ ಕೇಳಿ, ಇದಕ್ಕೆ ರೊಕ್ಕ ಇದೆಯಾ ಅಂತ. ಮಂಚೂರಿಯನ್ ತಗೋಬೇಡಿ. ತಗೊಂಡರೆ ಬಿಳಿ ಅಂಗಿ ಹಾಕಿಕೊಂಡು ಹೋಗಬೇಡಿ.

ಇಷ್ಟಕ್ಕೇ ಮುಗಿಯಲಿಲ್ಲ. ರೈಸ್ ಇನ್ನೂ ಅರ್ಧ ತಟ್ಟೆ ಉಳಿದಿತ್ತು, ನೋಡಿ. ಅವ್ವನಿಗೆ ಒಯ್ಯೋಣ ಅಂತ ಪಾರ್ಸೆಲ್ ಕಟ್ಟಿಕೊಡಿ ಅಂದೆ. ಹುಡುಗ ಪ್ಲಾಸ್ಟಿಕ್ ಡಬ್ಬಿ ಕೈಯಲ್ಲಿ ಹಿಡಿದೇ ಹೇಳಿದ, "ಡಬ್ಬಿಗೆ ಹತ್ತು ರೂಪಾಯಿರಿ ಅಕ್ಕಾ." ತಮ್ಮ ಏನೂ ಮಾತಾಡಲಿಲ್ಲ. ತಟ್ಟೆ ಎಳೆದುಕೊಂಡು ಮತ್ತೆ ಕೂತ. ಇಲ್ಲಿಂದ ಮುಂದೆ ಅವನು ತಿನ್ನೋದೇ ಇದೆ, ಕಟ್ ಮಾಡಿದ್ದೇನೆ.