ಗೋಮಾದ ಒಲೆ, ಮಿಕೆನೋದ ಗೊರಿಲ್ಲಾ

ಎಲ್ಲರಿಗೂ ನಮಸ್ಕಾರ.

ಗೊರಿಲ್ಲಾ ಅಂದ ಕೂಡಲೇ ನಿಮ್ಮಲ್ಲಿ ಹಲವರಿಗೆ ಮೈಸೂರಿನ ಮೃಗಾಲಯ ನೆನಪಾಗುತ್ತದೆ. ವರ್ಷಗಟ್ಟಲೆ ಒಂಟಿಯಾಗಿದ್ದ ಪೋಲೋನನ್ನು ಕಂಡವರು ಇಲ್ಲಿರಬಹುದು. 2021ರಲ್ಲಿ ಜರ್ಮನಿಯಿಂದ ಬಂದ ಥಾಬೋ, ಡೆಂಬಾರನ್ನು ನಿಮ್ಮ ಮಕ್ಕಳು ನೋಡಿರುತ್ತಾರೆ. ಅವೆಲ್ಲ ತಗ್ಗುನಾಡಿನ ಗೊರಿಲ್ಲಾಗಳು. ನಾನಿವತ್ತು ಹೇಳಹೊರಟಿರುವುದು ಬೆಟ್ಟದ ಗೊರಿಲ್ಲಾಗಳ ಕಥೆ. ಅವು ಪ್ರಪಂಚದ ಯಾವ ಮೃಗಾಲಯದಲ್ಲೂ ಇಲ್ಲ. ಕಾಡಿನಲ್ಲಿ ಉಳಿದರೆ ಉಂಟು, ಇಲ್ಲವಾದರೆ ಇಲ್ಲ.

ಅವು ಇರುವುದು ಎರಡೇ ಕಡೆ. ಒಂದು, ಉಗಾಂಡಾದ ಬ್ವಿಂಡಿ ಕಾಡು. ಇನ್ನೊಂದು, ಕಾಂಗೋ, ರುವಾಂಡಾ, ಉಗಾಂಡಾ ಮೂರೂ ಗಡಿ ಕೂಡುವ ವಿರುಂಗಾ ಜ್ವಾಲಾಮುಖಿ ಬೆಟ್ಟಸಾಲು. ಕಾಂಗೋ ಬದಿಯ ವಿರುಂಗಾ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು 1925ರಲ್ಲಿ, ಆಫ್ರಿಕಾ ಖಂಡದಲ್ಲೇ ಅತಿ ಹಳೆಯದು. ಅದರ ದಕ್ಷಿಣದ ಮಿಕೆನೋ ಬೆಟ್ಟದ ಇಳಿಜಾರಿನಲ್ಲಿ ಗೊರಿಲ್ಲಾ ಸಂಸಾರ. ಮೂವತ್ತು ವರ್ಷಗಳಿಂದ ಅದೇ ಸೀಮೆಯಲ್ಲಿ ಒಂದಿಲ್ಲೊಂದು ಬಂಡುಕೋರ ಪಡೆಯ ಬೀಡು.

2007ರ ಜುಲೈ 22. ರುಗೆಂಡೋ ಎಂಬ ಗುಂಪಿನ ಯಜಮಾನ ಸೆಂಕ್ವೆಕ್ವೆ, ಬೆನ್ನಿನ ಕೂದಲು ಬೆಳ್ಳಿಯಾದ ಗಂಡು ಗೊರಿಲ್ಲಾ, ಗುಂಡೇಟಿಗೆ ಸತ್ತು ಬಿದ್ದ. ಅವನ ಜತೆ ಗುಂಪಿನ ಹೆಣ್ಣುಗಳೂ ಸತ್ತವು. ಒಂದು ಬಸುರಿ. ಊರಿನ ಜನ ಮರದ ಗಳಗಳನ್ನು ಕಟ್ಟಿ ಚಟ್ಟ ಮಾಡಿ, ಅವನನ್ನು ಮಲಗಿಸಿ, ಹತ್ತಾರು ಹೆಗಲು ಕೊಟ್ಟು ಕೆಳಗಿಳಿಸಿದರು. ಆ ಚಿತ್ರ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂತು. ನಮ್ಮಲ್ಲಿ ಊರ ಹಿರಿಯರನ್ನು ಹೊತ್ತೊಯ್ಯುವ ಹಾಗೆಯೇ ಇತ್ತು ಅದು. ಎಷ್ಟು ಸಲ ನೋಡಿದರೂ ನನಗೆ ಗಂಟಲು ಕಟ್ಟುತ್ತದೆ.

ಕೊಂದವರು ಮಾಂಸ ಕೊಯ್ದಿರಲಿಲ್ಲ. ತಲೆ, ಕೈ ಕಡಿದು ಮಾರಲಿಕ್ಕೆ ಒಯ್ದಿರಲಿಲ್ಲ. ಹಾಗಾದರೆ ಯಾಕೆ ಕೊಂದರು?

ಇದ್ದಿಲಿಗಾಗಿ. ಅಲ್ಲಿಯ ಸ್ವಾಹಿಲಿ ಮಾತಿನಲ್ಲಿ ಮಕಾಲ. ಉದ್ಯಾನದ ಪಕ್ಕದಲ್ಲೇ ಗೋಮಾ ನಗರ. ಲಕ್ಷಾಂತರ ಮನೆ, ಗ್ಯಾಸ್ ಇಲ್ಲ, ಕರೆಂಟು ಕಂಡವರು ಕೆಲವರು. ಬೀನ್ಸ್ ಬೇಯಬೇಕು, ನೀರು ಕಾಯಬೇಕು ಅಂದರೆ ಇದ್ದಿಲೇ ಗತಿ. ಹಳೇ ಕಾಡಿನ ಗಟ್ಟಿಮರದ ಇದ್ದಿಲು ಹೆಚ್ಚು ಹೊತ್ತು ಉರಿಯುತ್ತದೆ, ಅದಕ್ಕೇ ಬೇಡಿಕೆ. ಮರ ಕಡಿದು, ದಿಮ್ಮಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಗಾಳಿಯಾಡದ ಹಾಗೆ ದಿನಗಟ್ಟಲೆ ಸುಡುತ್ತಾರೆ. ಆ ಮೂಟೆಗಳು ಲಾರಿಯಲ್ಲಿ, ಹೆಂಗಸರ ಬೆನ್ನ ಮೇಲೆ, ಚುಕುಡು ಎನ್ನುವ ಎರಡು ಚಕ್ರದ ಮರದ ಗಾಡಿಯ ಮೇಲೆ ಗೋಮಾ ಸೇರುತ್ತವೆ. ದಾರಿಯಲ್ಲಿ ಬಂದೂಕು ಹಿಡಿದವನಿಗೆಲ್ಲ ಪಾಲು. ಯುದ್ಧಕ್ಕೆ ಹಣ ಬರುವ ದಾರಿಗಳಲ್ಲಿ ಇದೂ ಒಂದು.

ಕಾಡು ಇದ್ದಿಲಾಗದಿರಲು ಅಡ್ಡ ನಿಂತದ್ದು ಗೊರಿಲ್ಲಾ. ಗೊರಿಲ್ಲಾ ಇರುವಷ್ಟು ದಿನ ಕಾವಲುಗಾರರು ಇರುತ್ತಾರೆ, ಲೋಕದ ಕಣ್ಣು ಅಲ್ಲಿರುತ್ತದೆ. ಕಾವಲುಗಾರರಿಗೆ ಎಚ್ಚರಿಕೆ ಕೊಡಲೆಂದೇ ಸೆಂಕ್ವೆಕ್ವೆಯನ್ನು ಕೊಂದರು ಎಂದು ಅಲ್ಲಿಯವರು ನಂಬುತ್ತಾರೆ. ಮರುವರ್ಷ ಇದೇ ಸಂಬಂಧ ಉದ್ಯಾನದ ಹಿರಿಯ ಅಧಿಕಾರಿಯೊಬ್ಬರನ್ನೇ ಬಂಧಿಸಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು ಎನ್ನುವ ಆರೋಪ ಅದು.

ಒಲೆಯ ಮುಂದೆ ಕೂತ ತಾಯಿಯನ್ನು ಮಾತ್ರ ನಾನು ದೂರಲಾರೆ. 1994ರಲ್ಲಿ ರುವಾಂಡಾದ ನರಮೇಧದ ಬೆನ್ನಿಗೇ ಏಳೆಂಟು ಲಕ್ಷ ಜನ ಗಡಿ ದಾಟಿ ಗೋಮಾದ ಸುತ್ತ ಬೀಡು ಬಿಟ್ಟರು. ಅವರಿಗೆ ಹಿಟ್ಟು, ಕಾಳು ಹಂಚಿದರು. ಬೇಯಿಸಲು ಸೌದೆ? ಎದುರಿಗಿದ್ದದ್ದು ಕಾಡೊಂದೇ. ಆ ವರ್ಷವೇ ಯುನೆಸ್ಕೋ ವಿರುಂಗಾವನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು.

ಇನ್ನು ಕಾಯುವವರ ಮಾತು. ಬೆಟ್ಟದ ಗೊರಿಲ್ಲಾ ಪ್ರತಿ ರಾತ್ರಿ ಸೊಪ್ಪು ಸದೆ ಮುರಿದು ಹೊಸ ಹಾಸಿಗೆ ಮಾಡಿಕೊಳ್ಳುತ್ತದೆ. ಬೆಳಿಗ್ಗೆ ಜಾಡು ಹಿಡಿಯುವವರು ನಿನ್ನೆ ಬಿಟ್ಟ ಜಾಗದಿಂದ ಹೊರಟು, ತುಳಿದ ಗಿಡ, ಲದ್ದಿ ನೋಡುತ್ತ ಆ ಹಾಸಿಗೆಗಳನ್ನು ಹುಡುಕಿ ಎಣಿಸುತ್ತಾರೆ. ಒಂದು ಕಡಿಮೆಯಾದರೆ ಎದೆ ಧಸಕ್ಕೆನ್ನುತ್ತದೆ. ಗುಂಪು ಸಿಕ್ಕ ಮೇಲೆ ಗಂಟಲಿನಿಂದ ಮೆಲ್ಲಗೆ ಹೂಂಕರಿಸುತ್ತಾರೆ. 'ನಾವೇ, ಹೆದರಬೇಡ' ಅಂತ ಅದರ ಅರ್ಥ. ಮೂಗಿನ ಮೇಲಿನ ಗೆರೆ ನೋಡಿ ಒಂದೊಂದನ್ನೂ ಹೆಸರಿಟ್ಟು ಗುರುತಿಸುತ್ತಾರೆ. ಜಿಂಕೆಗೆ ಹಾಕಿದ ಉರುಳು ಕಂಡರೆ ಕಿತ್ತು ತರುತ್ತಾರೆ. ನಮ್ಮ ಕಾಡಂಚಿನಲ್ಲಿ ಹಂದಿಯ ಉರುಳಿಗೆ ಹುಲಿ ಸಿಕ್ಕುವ ಹಾಗೆ ಅಲ್ಲಿ ಗೊರಿಲ್ಲಾ ಮರಿಗಳು ಸಿಕ್ಕುತ್ತವೆ. ಗೊರಿಲ್ಲಾ ಡಾಕ್ಟರ್ಸ್ ತಂಡದ ಪಶುವೈದ್ಯರು ಕಾಡಿನೊಳಗೇ ಹೋಗಿ ಬಿಡಿಸಿ ಚಿಕಿತ್ಸೆ ಮಾಡುತ್ತಾರೆ.

ಈ ಕೆಲಸದಲ್ಲಿ ವಿರುಂಗಾ ಈವರೆಗೆ 200ಕ್ಕೂ ಹೆಚ್ಚು ಕಾವಲುಗಾರರನ್ನು ಕಳೆದುಕೊಂಡಿದೆ. 2014ರಲ್ಲಿ ಉದ್ಯಾನದ ನಿರ್ದೇಶಕ ಎಮಾನ್ಯುಯಲ್ ದ ಮೆರೋಡ್ ಅವರಿಗೇ ಗುಂಡು ಬಿತ್ತು, ಬದುಕಿಕೊಂಡರು. 2020ರ ಏಪ್ರಿಲ್ 24ರಂದು ಉದ್ಯಾನದ ಕೇಂದ್ರ ಕಚೇರಿ ಇರುವ ರುಮಂಗಾಬೋ ಬಳಿ ಒಂದೇ ದಾಳಿಯಲ್ಲಿ 12 ಕಾವಲುಗಾರರು ಹೋದರು. ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳಿಗೆಂದು ಅಲ್ಲೇ ಒಂದು ಹೊಲಿಗೆ ಕೇಂದ್ರವಿದೆ. ಅಂಥ ಕೇಂದ್ರ ನಡೆಸಬೇಕಾಗಿ ಬಂದಿದೆಯಲ್ಲ, ಅದನ್ನು ನೆನೆದರೇ ಸಂಕಟವಾಗುತ್ತದೆ.

ಇಷ್ಟಾದರೂ ಗೊರಿಲ್ಲಾ ಹೆಚ್ಚಿದೆ. 1981ರಲ್ಲಿ ವಿರುಂಗಾ ಸಾಲಿನಲ್ಲಿ ಎಣಿಕೆಗೆ ಸಿಕ್ಕಿದ್ದು 254. 2016ಕ್ಕೆ 604. ಬ್ವಿಂಡಿಯನ್ನೂ ಸೇರಿಸಿದರೆ ಸಾವಿರದ ಮೇಲೆ. 2007ರಿಂದ ಹದಿನೈದು ತಿಂಗಳು ಮಿಕೆನೋ ಪೂರ್ತಿ ಬಂಡುಕೋರರ ಕೈಯಲ್ಲಿತ್ತು, ಕಾವಲುಗಾರರು ಕಾಲಿಡುವ ಹಾಗಿರಲಿಲ್ಲ. ದ ಮೆರೋಡ್ ಬಂಡುಕೋರರ ಹತ್ತಿರವೇ ಹೋಗಿ ಮಾತಾಡಿ ಒಪ್ಪಿಸಿ, ತಮ್ಮವರನ್ನು ವಾಪಸು ಕಳಿಸಿದರು. ಏನು ಕಾದಿದೆಯೋ ಎಂದು ಅಂಜುತ್ತಲೇ ಎಣಿಸಿದರೆ, ಮನುಷ್ಯರಿಗೆ ಒಗ್ಗಿದ್ದ ಗುಂಪುಗಳಲ್ಲಿ 72 ಇದ್ದದ್ದು 81 ಆಗಿತ್ತು! ರುವಾಂಡಾದಲ್ಲಿ ರಾಷ್ಟ್ರೀಯ ಉದ್ಯಾನಗಳ ಪ್ರವಾಸೋದ್ಯಮದ ಆದಾಯದ ಹತ್ತನೇ ಒಂದು ಪಾಲು ಕಾಡಂಚಿನ ಊರುಗಳಿಗೆ ಹೋಗುತ್ತದೆ, ಅಲ್ಲಿಯ ಕೆಲಸ ಇಷ್ಟು ಕಷ್ಟದ್ದಲ್ಲ. ಕಾಂಗೋದಲ್ಲಿ ಗುಂಡಿನ ಸದ್ದು ಕೇಳಿದರೆ ಪ್ರವಾಸಿಗಳು ಬರುವುದೇ ಇಲ್ಲ. 2025ರ ಜನವರಿಯಲ್ಲಿ ಗೋಮಾ ಮತ್ತೆ ಎಂ23 ಬಂಡುಕೋರರ ವಶವಾಯಿತು.

ನನಗೆ ಹೆಚ್ಚು ಭರವಸೆ ಕೊಟ್ಟದ್ದು ಕಾಲುವೆ ಮತ್ತು ಟರ್ಬೈನು. ಕಾಡಿನಿಂದ ಹರಿದು ಬರುವ ನೀರಿನಿಂದ 2015ರಲ್ಲಿ ಮಟೆಬೆ ಎಂಬಲ್ಲಿ ಉದ್ಯಾನವೇ ವಿದ್ಯುತ್ ಸ್ಥಾವರ ಕಟ್ಟಿಸಿತು, 13 ಮೆಗಾವ್ಯಾಟಿಗೂ ಹೆಚ್ಚು. ಗಿರಣಿ ನಡೆದರೆ ಹುಡುಗರಿಗೆ ಕೂಲಿ ಸಿಗುತ್ತದೆ, ಬಂದೂಕು ಹಿಡಿಯುವ ಅಗತ್ಯ ತಗ್ಗುತ್ತದೆ. ಮನೆಗೆ ಕರೆಂಟು ಬಂದರೆ ಒಂದು ಮೂಟೆ ಇದ್ದಿಲು ಉಳಿಯುತ್ತದೆ. ಗೊರಿಲ್ಲಾ ಉಳಿಸುವ ಕೆಲಸ ಗೋಮಾದ ಅಡುಗೆಮನೆಯಿಂದ ಶುರುವಾಗಬೇಕು ಎಂದು ಅವರು ಕಂಡುಕೊಂಡ ದಾರಿ ಇದು. ನಿಧಾನ, ಆದರೆ ಸರಿಯಾದ ದಾರಿ.

ಕೊನೆಗೆ ಒಂದು ಮರಿಯ ಮಾತು. ಸೆಂಕ್ವೆಕ್ವೆ ಸಾಯುವುದಕ್ಕೆ ಒಂದು ತಿಂಗಳು ಮೊದಲು ಮತ್ತೊಂದು ಹೆಣ್ಣನ್ನು ಕೊಂದಿದ್ದರು. ಕಾವಲುಗಾರರು ಹೋದಾಗ ಎರಡು ತಿಂಗಳ ಮರಿ ಸತ್ತ ತಾಯಿಯನ್ನು ಅಪ್ಪಿಕೊಂಡೇ ಇತ್ತು. ಆಂಡ್ರೆ ಬೌಮಾ ಎಂಬ ಕಾವಲುಗಾರ ಆ ರಾತ್ರಿ ಅದನ್ನು ಎದೆಗವಚಿಕೊಂಡು ಬೆಚ್ಚಗಿಟ್ಟ. ಹೆಸರು ಎನ್‌ಡಕಾಸಿ. ಅದನ್ನು ತಿರುಗಿ ಕಾಡಿಗೆ ಬಿಡಲಾಗಲಿಲ್ಲ. ರುಮಂಗಾಬೋದಲ್ಲಿ, ಸೆಂಕ್ವೆಕ್ವೆಯ ಹೆಸರನ್ನೇ ಇಟ್ಟ ಅನಾಥಾಲಯದಲ್ಲಿ, ಬೌಮಾನ ಕೈಯಲ್ಲೇ ಬೆಳೆಯಿತು. ಹದಿನಾಲ್ಕನೇ ವಯಸ್ಸಿಗೆ ಕಾಯಿಲೆ ಬಿತ್ತು. 2021ರ ಸೆಪ್ಟೆಂಬರ್ 26ರಂದು ಬೌಮಾ ನೆಲದ ಮೇಲೆ ಕೂತಿದ್ದ, ಎನ್‌ಡಕಾಸಿ ಅವನ ಎದೆಗೆ ತಲೆಯಿಟ್ಟು ಪ್ರಾಣ ಬಿಟ್ಟಿತು.